ಅಜ್ಜನ ಆವಿಗೆ, ಮೊಮ್ಮಗಳ ನಗು

ಆವಿಗೆಯಲ್ಲಿ ಸುಟ್ಟ ಮಡಕೆಗಳನ್ನು ಕುಂಬಾರ ಒಂದೊಂದಾಗಿ ಎತ್ತಿ, ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದ. ಬಿರುಕಿದ್ದರೆ ಸದ್ದು ಮಂಕು, ಗಟ್ಟಿಯಿದ್ದರೆ ಟಣ್! ತೊಟ್ಟಿಲ ಮೊಮ್ಮಗಳಿಗೆ ಅದೇ ಆಟ. ಟಣ್ ಎಂದರೆ ಸಾಕು, ಕೇಕೆ. ಈಚೆಗೆ ಮಾತ್ರ ಆ ನಗು ಅರ್ಧಕ್ಕೇ ನಿಂತು ಕೆಮ್ಮಾಗುತ್ತಿತ್ತು.

ಮಗುವನ್ನು ಆಸ್ಪತ್ರೆಗೆ ತೋರಿಸಿ ಬಂದ ಮಗಳು ಬಟ್ಟೆ ಮಡಚತೊಡಗಿದಳು. "ಆವಿಗೆಗೆ ಹಳೇ ಟಯರ್ ಹಾಕಿ ಸುಡೋ ಮನೇಲಿ ಕೂಸನ್ನ ಇಟ್ಕೊಂಡಿದ್ದೀಯಲ್ಲ ಅಂತ ಡಾಕ್ಟ್ರು ಬೈದ್ರು. ನಾಳೆ ಗಂಡನ ಮನೆಗೆ ಹೊರಡ್ತೀನಪ್ಪಾ."

ಕುಂಬಾರ ಕೈಲಿದ್ದ ಮಡಕೆ ಕೆಳಗಿಟ್ಟ. "ಇಷ್ಟು ವರ್ಷ ಈ ಹೊಗೇಲೇ ಬದುಕಿದ್ದೀನಿ. ನಂಗೇನಾಗಿದೆ?" ಎನ್ನುವಷ್ಟರಲ್ಲಿ ಅವನಿಗೇ ಕೆಮ್ಮು ಒತ್ತರಿಸಿ ಬಂತು.

"ಏನೂ ಆಗಿಲ್ಲ ಬಿಡಿ," ಎಂದಳು ಹೆಂಡತಿ. "ಮೊದ್ಲು ಕೆಮ್ಮಿ ಮುಗಿಸಿ, ಆಮೇಲೆ ಹೇಳೋರಂತೆ."

ಮರುದಿನ ಮಗಳನ್ನು ಕಾಡಿ ಬೇಡಿ ನಿಲ್ಲಿಸಿಕೊಂಡ. ಗಾಳಿ ಆಚೆ ಕಡೆ ತಿರುಗುವ ತನಕ ಕಾದು ಬೆಂಕಿಯಿಟ್ಟ. ಕರಿಹೊಗೆ ಬೇಲಿ ದಾಟಿ ಹೋಯಿತು, ಮಗು ಕೆಮ್ಮಲಿಲ್ಲ. ಗೆದ್ದೆನೆಂದು ಮೀಸೆ ತಿರುವುತ್ತಿದ್ದಂತೆ ಬೇಲಿಯಾಚೆ ಅತ್ತಿಗೆ ಪ್ರತ್ಯಕ್ಷಳಾದಳು. ಪಕ್ಕದ್ದೇ ಅಣ್ಣನ ಮನೆ. ಅವಳ ಕೈಯಲ್ಲಿದ್ದ ಒಗೆದ ದುಪ್ಪಟಿಗಿಂತ ಮಸಿಬಟ್ಟೆಯೇ ವಾಸಿಯಾಗಿತ್ತು.

"ಏನಪ್ಪಾ ಮೈದುನ, ನಿನ್ನ ಮೊಮ್ಮಗಳಿಗೊಬ್ಬಳಿಗೇನಾ ಮೂಗಿರೋದು? ನಿಮ್ಮಣ್ಣ ಅಲ್ಲಿ ಏದುಸಿರು ಬಿಡ್ತಾ ಕೂತವ್ರೆ. ಗಾಳಿಗೂ ಬೇಲಿ ಹಾಕ್ಸಿದ್ದೀಯೇನು?"

ಅಂದೇ ಸಂಜೆ ಕುಂಬಾರ ಉಳಿದ ಟಯರುಗಳನ್ನು, ಪುಕ್ಕಟೆ ಕೊಟ್ಟಿದ್ದ ಅಂಗಡಿಗೇ ಉರುಳಿಸಿಕೊಂಡು ಹೋಗಿ ಹಿಂದಕ್ಕೆ ಕೊಟ್ಟು ಬಂದ.

"ಇನ್ನೊಂದೇ ಒಂದು ಸಲ ಸುಡ್ತೀನಿ ಮಗಳೇ. ನೋಡಿ ಆಮೇಲೆ ಹೋಗು." ಅವಳ ಬಟ್ಟೆಯ ಚೀಲವಂತೂ ಬಾಗಿಲ ಬಳಿಯೇ ಕೂತಿತ್ತು.

ಈ ಸಲ ಚೆನ್ನಾಗಿ ಒಣಗಿದ ಸೌದೆ, ಹೊಟ್ಟು. ಗಾಳಿಯಾಡಲೆಂದು ಆವಿಗೆಯ ಬುಡದಲ್ಲಿ ಕಿಂಡಿ ತೆಗೆದ. ಮಂದ ಉರಿ, ತಾನು ಕದಲಿದರೆ ಕೆಟ್ಟೀತೆಂದು ಮಗ್ಗುಲಲ್ಲೇ ಕುಕ್ಕರಿಸಿದ.

"ನಮ್ಮ ಮದುವೇಲೂ ನೀವು ಇಷ್ಟು ಹೊತ್ತು ಒಂದೇ ಕಡೆ ಕೂತಿರ್ಲಿಲ್ಲ," ಎಂದಳು ಹೆಂಡತಿ.

ಅತ್ತಿಗೆ ಬೇಲಿಯ ಮೇಲಿಂದ ಮೂಗು ಚಾಚಿದಳು. "ಯಾಕೆ, ಇವತ್ತು ಬೆಂಕಿ ಹಚ್ಚಲಿಲ್ವಾ?"

"ಹಚ್ಚಿ ಆಗ್ಲೇ ಬಹಳ ಹೊತ್ತಾಯ್ತು, ಅತ್ತಿಗೆ!"

ಆವಿಗೆ ಆರಿದ ಮೇಲೆ ಎಲ್ಲರೂ ಸುತ್ತ ನೆರೆದರು. ಮೊದಲ ಮಡಕೆ ಬಡಿದ. ಮಂಕು. ಕುಂಬಾರನ ಮುಖವೂ ಅದರಂತೆಯೇ ಆಯಿತು. ಎರಡನೆಯದನ್ನೆತ್ತಿ, ಉಸಿರು ಬಿಗಿಹಿಡಿದು ಬಡಿದ.

ಟಣ್!

ಮಗಳ ಕಂಕುಳಲ್ಲಿದ್ದ ಕೂಸು ಕೇಕೆ ಹಾಕಿತು. ಕೆಮ್ಮು ಈಗ ಬಂತು, ಆಗ ಬಂತು ಎಂದು ಎಲ್ಲರೂ ಕಾದರು. ನಗು ಮಾತ್ರ ನಿಲ್ಲದೆ ಕೊನೆ ಮುಟ್ಟಿ, ಬಿಕ್ಕಳಿಕೆಯಾಗಿ, ಮತ್ತೆ ನಗುವಾಯಿತು. ಮಗಳು ಸದ್ದಿಲ್ಲದೆ ಚೀಲವನ್ನು ಒಳಗೊಯ್ದಳು.

ಕುಂಬಾರ ಅದೇ ಮಡಕೆಯನ್ನು ಮತ್ತೆ ಬಡಿದ. ಮತ್ತೆ ಮತ್ತೆ ಬಡಿದ.

"ಸಾಕು ಮಾಡಿ," ಎಂದಳು ಹೆಂಡತಿ, "ಇರೋದನ್ನೂ ಒಡೆದು ಹಾಕೀರಿ!"