ಮಡ್‌ಗಾರ್ಡಿನ ಮೇಲೆ

"ಟೈರಿನ ಗಾಳಿ ಅಳೆಯಾಕ ಇವ್ರ್ಯಾರಲೇ?" ಎಂದು ಜಲಾಲುದ್ದೀನ ಚಹಾದ ಗ್ಲಾಸನ್ನು ಮೇಜಿಗೆ ಕುಕ್ಕಿದ. "ಮೂವತ್ತು ವರ್ಷ ಆತು ನಾ ಪಂಚರ್ ಅಂಗಡಿ ಹಾಕಿ. ಟೈರಿಗೆ ಒಂದು ಸಲ ಕೈ ಬಡದ್ರ ಸಾಕು, ಎಷ್ಟು ಗಾಳಿ ಅದ ಅಂತ ಹೇಳ್ತೀನಿ. ಕಮಿಟಿಯವ್ರು ಮೀಟರ್ ತರ್ತಾರಂತ, ಮೀಟರ್!"

"ಇನ್ನೂ ಮೂರು ರೂಲ್ಸ್ ಓದೂದು ಅದ, ಸುಮ್ಮ ಕುಂದರ್ರಿ ಚಾಚಾ," ಎಂದ ಕಾಂತೇಶ, ಮೊಬೈಲಿನಿಂದ ಕಣ್ಣು ತೆಗೆಯದೆ.

ಸುರಪುರದ ಬಸ್ ಸ್ಟ್ಯಾಂಡಿನ ಹಿಂದೆ, ಲಾಲಮ್ಮನ ಚಹಾದಂಗಡಿಯಲ್ಲಿ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆಯ ಹುಚ್ಚು ಹತ್ತಿದವರೆಲ್ಲ ಸೇರುತ್ತಾರೆ. ಟ್ರೇಲರ್ ಕಟ್ಟಿಕೊಂಡು ಒಂದು ನಿಮಿಷದಲ್ಲಿ ಹಿಂದಕ್ಕೆ ಎಷ್ಟು ಅಡಿ ಓಡಿಸುತ್ತಾನೆ, ಸುಣ್ಣದ ಗೆರೆ ಮುಟ್ಟದೆ ಓಡಿಸುತ್ತಾನೋ ಇಲ್ಲವೋ, ಇಷ್ಟೇ ಆಟ. ಸ್ಪರ್ಧೆ ಇರುವುದು ಬೇಸಿಗೆಯಲ್ಲಿ. ಆದರೆ ಸ್ಪರ್ಧೆ ಇಲ್ಲದ ತಿಂಗಳಲ್ಲೇ ಇವರಿಗೆ ಪುರಸೊತ್ತಿಲ್ಲ. ಯಾರು ಹೊಸ ಗಾಡಿ ತಂದ, ಯಾವ ಡ್ರೈವರ್ ಯಾವ ಧಣಿಯನ್ನು ಬಿಟ್ಟ, ಶಹಾಪುರದವರು ಟ್ರೇಲರಿನ ಉದ್ದ ಕದ್ದರೋ ಇಲ್ಲವೋ, ಎಲ್ಲವೂ ಇಲ್ಲೇ ತೀರ್ಮಾನವಾಗಬೇಕು. ಡಿಸೆಂಬರ್ ತಿಂಗಳ ಆ ಮುಂಜಾನೆ ಬೇಸಿಗೆಯ ಹೊಸ ರೂಲ್ಸು ಮೊಬೈಲಿಗೆ ಬಂದಿತ್ತು.

ಗೋಡೆಯ ಹತ್ತಿರ ಅಮಾತೆಪ್ಪ ಕೂತಿದ್ದ. ಆರು ಸಲ ಗೆದ್ದವನು. ಕಪ್ಪು ಚಷ್ಮಾ, ಬಿಳಿ ಅಂಗಿ. ಮೂರು ವರ್ಷದಿಂದ ಅವನು ಆ ಚಷ್ಮಾ ತೆಗೆದದ್ದನ್ನು ಅಂಗಡಿಯಲ್ಲಿ ಯಾರೂ ನೋಡಿಲ್ಲ. ಅದೇ ಸ್ಟೈಲು ಎಂದುಕೊಂಡು ಸ್ಪರ್ಧೆಯ ವಿಡಿಯೊ ಮಾಡುವ ಕಾಂತೇಶನೂ ಅಂಥದ್ದೇ ಒಂದನ್ನು ಯಾದಗಿರಿಯಿಂದ ತಂದು ಹಾಕಿಕೊಂಡಿದ್ದ. ಅಮಾತೆಪ್ಪನ ಬಲಗಡೆ, ಯಾವಾಗಲೂ ಬಲಗಡೆಯೇ, ಗ್ಯಾರೇಜಿನ ಶರೀಫಸಾಬ. ಲಾಲಮ್ಮ ಚಹಾ ತಂದು ಬಲಕ್ಕೆ ಇಟ್ಟರೆ ಶರೀಫಸಾಬ ಮಾತಾಡುತ್ತಲೇ ಅದನ್ನು ಎಡಕ್ಕೆ ಸರಿಸುತ್ತಿದ್ದ. ಅವನಿಗೆ ಸುಮ್ಮನೆ ಕೂರಲಾಗದು ಎಂದೇ ಎಲ್ಲರೂ ತಿಳಿದಿದ್ದರು.

"ಮೂರನೇದು, ಗಾಡಿ ಮ್ಯಾಲ ಸ್ಪೀಕರ್ ಹಚ್ಚಂಗಿಲ್ಲ. ನಾಲ್ಕನೇದು, ಲೈಸೆನ್ಸ್ ಝೆರಾಕ್ಸ್ ಕೊಡಬೇಕು. ಐದನೇದು..." ಕಾಂತೇಶ ಪರದೆಯನ್ನು ಹತ್ತಿರ ತಂದ. "ಗಾಡಿ ಮ್ಯಾಲ ಡ್ರೈವರ್ ಒಬ್ಬನೇ ಇರಬೇಕು, ಮಡ್‌ಗಾರ್ಡ್ ಮ್ಯಾಲ ಯಾರೂ ಕುಂದರಂಗಿಲ್ಲ."

"ಹೋದ ಬ್ಯಾಸಗ್ಯಾಗ ಮಡ್‌ಗಾರ್ಡ್ ಮ್ಯಾಲಿಂದ ಒಬ್ಬ ಹುಡುಗ ಬಿದ್ದು ಕಾಲು ಮುರಕೊಂಡನಲ್ಲ, ಅದಕ್ಕ ಮಾಡ್ಯಾರ," ಎಂದ ಜಲಾಲುದ್ದೀನ. "ಶರೀಫ, ನಿನ್ನ ನೌಕರಿ ಹೋತು ನೋಡಪಾ."

"ಅಮಾತೆಪ್ಪ ಕಾಕಾಗ ಏನು ಫರಕ್ ಆಗ್ತದ? ಕಣ್ಣು ಮುಚ್ಚಿ ರಿವರ್ಸ್ ಹೊಡಿತಾರ," ಎಂದ ಕಾಂತೇಶ. ಎಲ್ಲರೂ ನಕ್ಕರು. ಅಮಾತೆಪ್ಪನೂ ನಕ್ಕ. ಶರೀಫಸಾಬ ಮಾತ್ರ ಚಹಾದ ಗ್ಲಾಸನ್ನು ಕೆಳಗಿಟ್ಟ.

ಮೂರು ವರ್ಷದ ಹಿಂದೆ ಗ್ಯಾರೇಜಿನಲ್ಲಿ ಟ್ರೇಲರಿನ ಪಿನ್ನು ಬಡಿಯುವಾಗ ಕಬ್ಬಿಣದ ಚೂರು ಸಿಡಿದು ಅಮಾತೆಪ್ಪನ ಬಲಗಣ್ಣಿಗೆ ಹೊಕ್ಕಿತ್ತು. ಪಿನ್ನು ಹಿಡಿದವನು ಅಮಾತೆಪ್ಪ, ಸುತ್ತಿಗೆ ಶರೀಫಸಾಬನ ಕೈಯಲ್ಲಿ. ರಾಯಚೂರಿನ ಡಾಕ್ಟರು ಗುಡ್ಡೆ ಉಳಿಸಿದರು, ನೋಟ ಉಳಿಯಲಿಲ್ಲ. ಗಾಡಿಯ ಧಣಿಗೆ ಗೊತ್ತಾದರೆ ಕೀ ಕಸಿದುಕೊಳ್ಳುತ್ತಾನೆ, ಮತ್ತೆ ಕೂಲಿಗೇ ಹೋಗಬೇಕು ಎಂದು ಅಮಾತೆಪ್ಪ ಅತ್ತಿದ್ದ. ಯಾರಿಗೂ ಹೇಳುವುದಿಲ್ಲ ಎಂದು ಶರೀಫಸಾಬ ಮಾತು ಕೊಟ್ಟ. ಅಂದಿನಿಂದ ಟ್ರೇಲರ್ ಹಿಂದಕ್ಕೆ ತೆಗೆಯುವಾಗೆಲ್ಲ ಅವನು ಬಲಗಡೆಯ ದೊಡ್ಡ ಗಾಲಿಯ ಮಡ್‌ಗಾರ್ಡಿನ ಮೇಲೆ ಕೂತು ಅಮಾತೆಪ್ಪನ ಬೆನ್ನಿಗೆ ಕೈ ಹಚ್ಚುತ್ತಾನೆ. ಒಂದು ತಟ್ಟಿದರೆ ಸ್ಟೇರಿಂಗ್ ಎಡಕ್ಕೆ, ಎರಡು ತಟ್ಟಿದರೆ ಬಲಕ್ಕೆ, ಅಂಗೈ ಒತ್ತಿ ಹಿಡಿದರೆ ನೇರ. ಕಳೆದ ಮೂರು ಕಪ್ಪುಗಳು ಬಂದದ್ದು ಹಾಗೆ.

ಈಗ ಶರೀಫಸಾಬನಿಗೆ ಸಾಕಾಗಿತ್ತು. ಗ್ಯಾರೇಜು ಬಿಟ್ಟು ಅಮಾತೆಪ್ಪನ ಹಿಂದೆ ಅಕ್ಕಿ ಗಿರಣಿಗೂ ಗೊಬ್ಬರದ ಅಂಗಡಿಗೂ ಅಲೆಯುವುದು ಸಾಕಾಗಿತ್ತು. ಅಮಾತೆಪ್ಪ ಒಬ್ಬನೇ ಗಾಡಿ ತೆಗೆದುಕೊಂಡು ಹೋದ ದಿನ ಫೋನು ಬಂದರೆ ಎದೆ ಹಾರುವುದು ಸಾಕಾಗಿತ್ತು. ಐದನೆಯ ರೂಲು ಕೇಳಿದಾಗ ಅವನಿಗೆ ಮೊದಲು ಆದದ್ದು ಸಮಾಧಾನ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಸಮಾಧಾನ. ಇನ್ನು ಇವನು ಸ್ಪರ್ಧೆಗೆ ಹೋಗುವುದಿಲ್ಲ, ಒಂದು ಭಾರವಾದರೂ ಇಳಿಯಿತು ಎಂದುಕೊಂಡ.

ಅಷ್ಟರಲ್ಲಿ ಕಮಿಟಿಯ ಮರಿಲಿಂಗ ಬೈಕ್ ನಿಲ್ಲಿಸಿ ಒಳಗೆ ಬಂದ. ಕೈಯಲ್ಲಿ ಡ್ರೈವರುಗಳ ಹೆಸರಿನ ಹಾಳೆ.

"ಅಮಾತೆಪ್ಪ ಕಾಕಾ, ನಿಮ್ಮ ಸಹಿ ಮೊದಲು ಬೀಳಬೇಕ್ರಿ. ಐದನೇ ರೂಲ್ಸಿಗೆ ಉಳಿದವ್ರು ತಕರಾರು ತಗದಾರ. ನೀವು ಒಬ್ಬನೇ ಗಾಡಿ ಹೊಡಿತೀನಿ ಅಂದ್ರ ಎಲ್ಲಾರೂ ಬಾಯಿ ಮುಚ್ಚತಾರ."

ಅಮಾತೆಪ್ಪ ಒಮ್ಮೆ ಎಲ್ಲರ ಮುಖ ನೋಡಿದ. ಎಲ್ಲ ಮುಖಗಳೂ ಅವನನ್ನೇ ನೋಡುತ್ತಿದ್ದವು.

"ಅದರಾಗೇನದ," ಎಂದ ಅವನು. "ಒಬ್ಬನೇ ಹೊಡಿತೀನಿ. ತಾ ಇಲ್ಲಿ."

ಕಾಂತೇಶ ಸಿಳ್ಳೆ ಹೊಡೆದ. ಶರೀಫಸಾಬನಿಗೆ ಕಂಡದ್ದು ಬೇರೆ. ಸುಣ್ಣದ ಗೆರೆಯ ಆಚೆ ಬರೀ ಒಂದು ಹಗ್ಗ ಇರುತ್ತದೆ, ಹಗ್ಗದ ಆಚೆ ಜನ. ಮುಂದಿನ ಸಾಲಿನಲ್ಲಿ ಯಾವಾಗಲೂ ಸಣ್ಣ ಮಕ್ಕಳು, ಅಪ್ಪಂದಿರ ಹೆಗಲ ಮೇಲೆ ಕೆಲವರು. ಆ ಬಲಗಡೆಯ ಸಾಲು ಅಮಾತೆಪ್ಪನಿಗೆ ಇಲ್ಲವೇ ಇಲ್ಲ.

"ಸಹಿ ಮಾಡಬ್ಯಾಡ," ಎಂದ ಶರೀಫಸಾಬ.

"ಯಾಕ್ರಿ?" ಎಂದ ಮರಿಲಿಂಗ.

ಯಾಕೆ ಎಂದು ಹೇಳುವಂತಿರಲಿಲ್ಲ. "ನಾ ಇಲ್ಲದ ಅವ ಹೊಡಿಯಂಗಿಲ್ಲ," ಎಂದಷ್ಟೇ ಹೇಳಿದ.

ಕಾಂತೇಶನಿಗೆ ರೇಗಿತು. "ಚಾಚಾ, ಇದೇನ್ರಿ? ಗಾಡಿ ಹೊಡಿಯವ್ರು ಕಾಕಾ. ನೀವು ಬರೇ ಕುಂದರವ್ರು. ಕಪ್ಪಿನ ಮ್ಯಾಲ ನಿಮ್ಮ ಹೆಸರೂ ಕೆತ್ತಸಬೇಕೇನು?"

ಶರೀಫಸಾಬ ತನ್ನ ಎಣ್ಣೆಗಪ್ಪು ಉಗುರುಗಳನ್ನು ನೋಡಿಕೊಂಡ. ಹೌದು ಎಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ ಅನ್ನಿಸಿತು.

"ಹೌದು, ಬೇಕು," ಎಂದ. "ನಂಗೂ ಹೆಸರಿನ ಆಸೆ ಅದ."

ಜಲಾಲುದ್ದೀನ ಹೋ ಎಂದು ನಕ್ಕ. "ಮಾಷಾ ಅಲ್ಲಾ! ಈ ವಯಸ್ಸಿನಾಗ ಹೀರೋ ಆಗಾಕ ಹೊಂಟಾನ ನೋಡ್ರಿ." ಒಲೆಯ ಮುಂದೆ ಲಾಲಮ್ಮ ಕೂಡ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ಶರೀಫಸಾಬ ತಲೆ ಎತ್ತಲಿಲ್ಲ. ಅವನಿಗೆ ಐವತ್ತಾರು ವರ್ಷ. ಇಷ್ಟು ಜನರೆದುರು ಹೀಗೆ ನಗೆಗೀಡಾದದ್ದು ನೆನಪಿರಲಿಲ್ಲ.

ಮರಿಲಿಂಗ ಹಾಳೆ ಬಿಡಿಸಿ ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು ಅಮಾತೆಪ್ಪನ ಬಲಕ್ಕೆ ಹಿಡಿದ. ಅಮಾತೆಪ್ಪ ಕೈ ಚಾಚಲಿಲ್ಲ. ಮರಿಲಿಂಗ ಹಿಡಿದೇ ಇದ್ದ. ಶರೀಫಸಾಬನ ಕೈ ತಾನಾಗಿ ಗೆಳೆಯನ ಬೆನ್ನಿಗೆ ಹೋಗಿ ಎರಡು ಸಲ ತಟ್ಟಿತು. ಆಗ ಅಮಾತೆಪ್ಪ ಬಲಕ್ಕೆ ತಿರುಗಿ, ಪೆನ್ನು ಕಂಡು, ಅದನ್ನು ತೆಗೆದುಕೊಂಡ. ನಗೆಪಾಟಲಾದ ಮೇಲೂ ಆ ಕೈ ಅವನ ಬೆನ್ನ ಮೇಲಿಂದ ಸರಿದಿರಲಿಲ್ಲ.

ಹಾಳೆಯ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವನು ಅದನ್ನು ಕೆಳಗಿಟ್ಟು, ಚಷ್ಮಾ ತೆಗೆದು ಹಾಳೆಯ ಮೇಲಿಟ್ಟ.

"ಕಾಂತ್ಯಾ, ಇಲ್ಲಿ ನೋಡು. ನಗಬ್ಯಾಡ್ರಿ ಅವನಿಗೆ," ಎಂದ.

ಬಲಗಣ್ಣಿನ ಕರಿಗುಡ್ಡೆಯ ಮೇಲೆ ಜೋಳದ ಕಾಳಿನಷ್ಟು ಬಿಳಿ ಕೂತಿತ್ತು.

"ಮೂರು ವರ್ಷ ಆತು. ಈ ಕಡಿ ಏನೂ ಕಾಣಂಗಿಲ್ಲ. ಅವ ಬೆನ್ನು ತಟ್ಟತಾನ, ನಾ ತಿರುವತೀನಿ. ಗೆದ್ದದ್ದು ಹಂಗ. ಅವನಿಗ ಯಾವ ಹೆಸರೂ ಬ್ಯಾಡ, ಸುಳ್ಳು ಹೇಳಾಕತ್ತಾನ. ನಾ ಇನ್ನ ಹೊಡಿಯಂಗಿಲ್ಲ ಮರಿಲಿಂಗ. ನನ್ನ ಹೆಸರು ತಗಿ."

ಮರಿಲಿಂಗ ಹಾಳೆ ಮಡಚುವುದನ್ನೇ ಮರೆತು ನಿಂತ. ಕಾಂತೇಶ ಮೊಬೈಲಿನಲ್ಲಿ ಹಳೆಯ ವಿಡಿಯೊ ಒಂದನ್ನು ತೆಗೆದ, ನೂರು ಸಲ ನೋಡಿದ್ದನ್ನೇ. ಅಮಾತೆಪ್ಪನ ಬಿಳಿ ಅಂಗಿಯ ಬೆನ್ನ ಮೇಲೆ, ಮೊದಲಿನಿಂದ ಕೊನೆಯವರೆಗೆ, ಒಂದು ಕಪ್ಪು ಕೈ ಇತ್ತು. ಕಾಂತೇಶ ತನ್ನ ಚಷ್ಮಾ ತೆಗೆದು ಜೇಬಿಗೆ ಹಾಕಿಕೊಂಡ.

"ಧಣಿಗೆ ಯಾರು ಹೇಳ್ತಾರ?" ಎಂದು ಜಲಾಲುದ್ದೀನ ಮೆಲ್ಲಗೆ ಕೇಳಿದ.

"ನಾನ ಹೇಳ್ತೀನಿ. ಗಾಡಿ ಒಪ್ಪಿಸಿ ಬರ್ತೀನಿ," ಎಂದು ಅಮಾತೆಪ್ಪ ಎದ್ದ.

ಗಾಡಿ ಅಂಗಡಿಯ ಪಕ್ಕದ ಗಲ್ಲಿಯಲ್ಲಿ ಮೂತಿ ಒಳಗೆ ಮಾಡಿ ನಿಂತಿತ್ತು, ಹಿಂದೆ ಖಾಲಿ ಟ್ರೇಲರ್. ಚಹಾ ಮುಗಿದ ಮೇಲೆ ಅದನ್ನು ಒಂದೇ ಏಟಿಗೆ ರಸ್ತೆಗೆ ತೆಗೆಯುವುದು ಅಮಾತೆಪ್ಪನ ದಿನದ ಆಟ. ನೋಡಲೆಂದೇ ಜನ ನಿಲ್ಲುತ್ತಿದ್ದರು. ಇವತ್ತು ಅವನು ಗಾಡಿಯ ಹತ್ತಿರ ಹೋಗಿ ಕೀಯನ್ನು ಶರೀಫಸಾಬನ ಕೈಗಿಟ್ಟ.

"ನಂಗ ಟ್ರೇಲರ್ ರಿವರ್ಸ್ ಬರಂಗಿಲ್ಲೋ," ಎಂದ ಶರೀಫಸಾಬ. ಎಷ್ಟೋ ಗಾಡಿಗಳ ಇಂಜಿನ್ನು ಬಿಚ್ಚಿ ಕಟ್ಟಿದವನು, ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ಒಂದು ಅಡಿಯೂ ಹೋದವನಲ್ಲ.

"ಹತ್ತು."

ಹತ್ತಿದ. ಇಂಜಿನ್ ಶುರುವಾಯಿತು. ಜಲಾಲುದ್ದೀನ ರಸ್ತೆಗೆ ಓಡಿ, ಎರಡೂ ಕೈ ಅಗಲಿಸಿ ಆಟೊಗಳನ್ನು ತಡೆದ. ಕಾಂತೇಶ ಗಲ್ಲಿಯ ಬಾಯಲ್ಲಿ ನಿಂತಿದ್ದ, ಮೊಬೈಲು ಜೇಬಿನಲ್ಲೇ ಇತ್ತು. ಅಮಾತೆಪ್ಪ ಮಡ್‌ಗಾರ್ಡಿನ ಮೇಲೆ ಹತ್ತಿ, ಎಡಗಣ್ಣಿಗೆ ಹಿಂದಿನ ದಾರಿ ಕಾಣುವ ಹಾಗೆ ತಿರುಗಿ ಕೂತ.

ಟ್ರೇಲರ್ ಗೋಡೆಯ ಕಡೆ ವಾಲಿತು. ಶರೀಫಸಾಬನ ಬೆನ್ನ ಮೇಲೆ ಒಂದು ಸಲ ತಟ್ಟಿದ್ದು ಬಿತ್ತು, ಎಡಕ್ಕೆ ತಿರುಗಿಸಿದ. ಸ್ವಲ್ಪ ತಡೆದು ಎರಡು ಸಲ, ಬಲಕ್ಕೆ. ಆಮೇಲೆ ಅಂಗೈ ಪೂರ್ತಿ ಬೆನ್ನಿಗೆ ಒತ್ತಿತು, ರಸ್ತೆ ಬರುವವರೆಗೂ ಅಲ್ಲೇ ಇತ್ತು.