ಸುಣ್ಣದ ಗುರುತು

ಮೆಕ್ಯಾನಿಕ್ ಬೋರಯ್ಯ ಕೈಯಿಟ್ಟ ವ್ಯಾನೊಂದು ಒಮ್ಮೆ ಬೇಲೂರಿನಿಂದ ಅರಸೀಕೆರೆಗೆ ಡ್ರೈವರೇ ಇಲ್ಲದೆ ಹೋಗಿತ್ತು. ಎಮ್ಮೆ ಅಡ್ಡ ಬಂದರೆ ತಾನೇ ಹಾರನ್ ಹೊಡೆದು, ರೈಲ್ವೆ ಗೇಟಿನಲ್ಲಿ ಮರ್ಯಾದೆಯಾಗಿ ನಿಂತಿತ್ತು. ಹಳೇಬೀಡಿನ ಕೆರೆ ಏರಿಯ ಪಕ್ಕ, ಯುದ್ಧಕಾಲದ ವ್ಯಾನಿನಡಿ ಅಂಗಾತ ಮಲಗಿ ಬೋರಯ್ಯನೇ ಇದನ್ನು ಹೇಳುತ್ತಿದ್ದ.

"ಡ್ರೈವರ್ ಎಲ್ಲೋಗಿದ್ನಲಾ?" ಮಾಲೀಕ ಕಲ್ಲೇಶಪ್ಪ ಕೇಳಿದ.

"ಹಿಂದೆ ಬಸ್ಸಲ್ಲಿ ಬತ್ತಿದ್ದ, ಸಾವ್ಕಾರ್ರೇ."

ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಕಂಬಿಯ ತುದಿ ಸವೆದು ಸ್ಟೇರಿಂಗು ಲೊಡಲೊಡ ಅನ್ನುತ್ತಿತ್ತು. ಹೊಸ ತುದಿಯನ್ನು ಹಳೆಯದು ಕೂತಿದ್ದ ಜಾಗದವರೆಗೇ ತಿರುಗಿಸಿ ಕೂರಿಸಬೇಕು; ಇಲ್ಲವಾದರೆ ಒಂದು ಚಕ್ರ ಬೇಲೂರು ನೋಡಿದರೆ ಇನ್ನೊಂದು ಅರಸೀಕೆರೆ ನೋಡುತ್ತದೆ. ಅದಕ್ಕೇ ಬಿಚ್ಚುವ ಮುಂಚೆ ಬೋರಯ್ಯ, ಕಲ್ಲೇಶಪ್ಪನ ತಾಯಿ ರುದ್ರಮ್ಮನ ಹತ್ತಿರ ಒಂದು ಬೆರಳು ಸುಣ್ಣ ಇಸಿದುಕೊಂಡು ಕಂಬಿಗೆ ಗುರುತು ಹಚ್ಚಿದ್ದ.

ಈಗ ನೋಡಿದರೆ ಗುರುತಿಲ್ಲ. ಎಲೆಯಡಿಕೆ ಅಗಿಯುತ್ತ ಕಂಬಿಯುದ್ದಕ್ಕೂ ಹುಡುಕಿದ. ಅಗಿಯುತ್ತಿದ್ದ ಬಾಯಿ ತಟ್ಟನೆ ನಿಂತಿತು.

ಎಡಕ್ಕೆ ಹೊರಳಿದರೆ ಏರಿಯ ಕಲ್ಲು, ಬಲಕ್ಕೆ ಕಲ್ಲೇಶಪ್ಪನ ಮೆಟ್ಟು, ಎದೆಯ ಮೇಲೆ ಇಡೀ ವ್ಯಾನು.

"ಆಯ್ತೇನ್ಲಾ? ತಂಗಿಗೆ ಹೆರಿಗೆ ದಿನ ಹತ್ರ ಬಂದೈತೆ. ಸಂಜೆ ರೈಲು ತಪ್ಪಿದ್ರೆ ಅವ್ವನ್ನ ನೀನೇ ಹೊತ್ಕೊಂಡೋಗ್ಬೇಕು."

"ಬಂತು, ಬಂತು. ನನ್ನ ಕಣ್ಣಳತೆಗೆ ದೇವಸ್ಥಾನ ಕಟ್ಟಿದೋರೇ ತಲೆ ಬಾಗ್ಬೇಕು."

ಕಣ್ಣಳತೆಯಲ್ಲಿ ಬಿಗಿದುಬಿಟ್ಟರೆ? ಮುಂದಿನ ತಿರುವಿನಲ್ಲೇ ಕೆರೆ ನೀರು. ಮುಂದಿನ ಸೀಟಿನಲ್ಲಿ ಕೂರುವವಳು ರುದ್ರಮ್ಮ, ಮಡಿಲಲ್ಲಿ ಕೂಸಿನ ಬಟ್ಟೆಯ ಗಂಟು. ಗೊತ್ತಿಲ್ಲ ಅಂದುಬಿಟ್ಟರೆ ಮಾದಿಹಳ್ಳಿಯಿಂದ ಬಿಕ್ಕೋಡಿನವರೆಗೂ ಬೋರಯ್ಯನ ಹೆಸರು ಮಣ್ಣುಪಾಲು. ಒರೆಸಿದ ಕಂಬಿಯನ್ನೇ ಮತ್ತೆ ಒರೆಸಿದ. ಮೆಟ್ಟು ಅಲುಗಲಿಲ್ಲ.

ರುದ್ರಮ್ಮ ಸೆರಗು ಸಿಕ್ಕಿಸಿ ಬಗ್ಗಿದಳು. ಅವನ ಮುಖವನ್ನೇ ನೋಡಿದಳು.

"ಬೋರಯ್ಯ, ಗುರುತಿಗೆ ಅಂತ ಒಂದು ಬೆರಳು ಸುಣ್ಣ ಕೊಟ್ಟೆ. ಡಬ್ಬಿ ನನ್ನ ಸೊಂಟದಾಗೇ ಐತೆ. ನಿನ್ನ ಬಾಯಿ ಹೆಂಗ್ಲಾ ಇಷ್ಟು ಕೆಂಪಾಯ್ತು?"

ಬೋರಯ್ಯ ಬಾಯಲ್ಲಿದ್ದುದನ್ನು ನುಂಗಿದ.

"ಕತೆ ಹೇಳ್ತಾ ಹೇಳ್ತಾ ಬೆರಳು ತಾನಾಗೇ ಹೋಗಿ ಗುರುತನ್ನ ಬಳ್ಕೊಂಡು ಎಲೆಗೆ ಹಚ್ಬುಡ್ತು, ಅವ್ವಾ. ಎಲ್ಲೀವರ್ಗೆ ಬಿಗೀಬೇಕೋ ನಂಗೆ ಗೊತ್ತಿಲ್ಲ. ನೀವು ಬಸ್ಸಲ್ಲೇ ಹೋಗಿ."

ಕಲ್ಲೇಶಪ್ಪನೂ ಬಗ್ಗಿದ. "ಮತ್ತೆ ಆ ಡ್ರೈವರ್ ಇಲ್ದೆ ಹೋದ ವ್ಯಾನು?"

"ಅದನ್ನ ಎತ್ತು ಕಟ್ಟಿ ಎಳೆಸಿದ್ದು, ಸಾವ್ಕಾರ್ರೇ."