ಬೆಳ್ಳಪ್ಪನ ಐಸಾ

ಹೊಸ ದೋಣಿಯನ್ನು ನೀರಿಗೆ ಎಳೆಯುವಾಗ ‘ಐಸಾ’ ಎನ್ನುವ ಮೊದಲು ಯಾರ ಹೆಸರು ಕೂಗಬೇಕು ಎಂಬುದು ೧೯೬೫ರಲ್ಲಿ ದೇಶದ ಮುಂದಿದ್ದ ಅತಿ ಗಂಭೀರ ಪ್ರಶ್ನೆ. ದೆಹಲಿಯವರು ಯುದ್ಧ, ಅಕ್ಕಿ ಎಂದು ಬೇರೇನೋ ಮಾತಾಡಿಕೊಂಡಿದ್ದರಂತೆ. ಬ್ಯಾಕೋಡಿನ ಹಿನ್ನೀರ ದಂಡೆಯಲ್ಲಿ ನಡೆದದ್ದು ಇದೊಂದೇ.

“ಯಾವ ಬೋಳಿಮಗನ ಹೆಸರಾ ಈಗ ಕೂಗಿದ್ದು?” ಎಂದರು ಒಡೆಯರಾದ ಯಜ್ಞನಾರಾಯಣಯ್ಯ, ಕೊಡೆಯ ಕೆಳಗಿನಿಂದ.

“ನಮ್ಮಜ್ಜಂದು ಒಡೇರೆ, ಬೆಳ್ಳಪ್ಪ,” ಎಂದ ಅವರ ಒಕ್ಕಲು ಕೆರಿಯಪ್ಪ. ದೋಣಿ ಕಟ್ಟಿದವನೂ ಅವನೇ. “ಕಸ್ಬು ಕಲ್ಸಿದೋರ ಹೆಸ್ರು ಕೂಗಿ ಎಳೀಬೇಕು. ಘಟ್ಟದ ಕೆಳಗೆಲ್ಲ ಹಂಗೇಯ.”

ಕೊಡಲಿ ಹಿಡಿಯಲಷ್ಟೇ ಹುಟ್ಟಿದವರೆಂದು ಒಡೆಯರ ಮನೆತನ ತೀರ್ಮಾನಿಸಿದ್ದ ಕೇರಿಯಿಂದ ಘಟ್ಟ ಇಳಿದು ಹಾಯಿಹಡಗು ಕಟ್ಟಿದ ಮೊದಲಿಗ ಬೆಳ್ಳಪ್ಪ. ಹಡಗು ಅರಬರ ದೇಶದವರೆಗೂ ಹೋಗಿ ಬಂತು. ಬೆಳ್ಳಪ್ಪ ಮಾತ್ರ ಒಡೆಯರ ಅಂಗಳದವರೆಗೆ ಹೋಗುವಂತಿರಲಿಲ್ಲ.

“ಆ ಹಡಗಿನ ಮರ ಯಾರದ್ದಾ? ನಮ್ಮ ಅಪ್ಪಯ್ಯಂದು. ಹಂಗಾರೆ ಹಡಗು ಕಟ್ಟಿದ್ದೂ ಅಪ್ಪಯ್ಯನೇ. ಶೇಷಪ್ಪಯ್ಯ ಅಂತ ಕೂಗಿ. ಮುಹೂರ್ತ ಮೀರ್ತದೆ.”

“ನಿಮ್ಮಪ್ಪಯ್ಯಂಗೆ ಉಳಿ ಹಿಡಿಯಾಕೆ ಬತ್ತಿತ್ತಾ?” ಹಗ್ಗ ಹಿಡಿದಿದ್ದ ಕೆರಿಯಪ್ಪನ ಹೆಂಡತಿ ಹೂವಮ್ಮ ಕೇಳಿದಳು.

“ಬಾಯಿ ಮುಚ್ಚೇ ರಂಡೆ.”

“ಮುಚ್ಚಿದ್ರೆ ಐಸಾ ಅನ್ನಾದು ಹೆಂಗೆ ಒಡೇರೆ?”

ಕೆರಿಯಪ್ಪ ಕೂಗಿದ: “ಶೇಷಪ್ಪಯ್ಯಾ...”

“ಐಸಾ,” ಎಂದರು ಎಲ್ಲರೂ, ಸೂತಕದ ಮನೆಯಲ್ಲಿ ಮಾತಾಡಿದಂತೆ. ಹಗ್ಗ ಬಿಗಿಯಿತು, ಕತ್ತಿನ ನರ ಉಬ್ಬಿದವು, ಒಬ್ಬಿಬ್ಬರು ಮುಕ್ಕಿರಿದರು ಕೂಡ. ದೋಣಿ ಮಿಸುಕಲಿಲ್ಲ.

“ಎಂತಾತ್ರಾ ನಿಮಗೆ?”

“ತಾಕತ್ತು ಸಾಲ್ತಿಲ್ಲ ಒಡೇರೆ. ಹೆಸ್ರು ಭಾರ,” ಎಂದ ಕೆರಿಯಪ್ಪ.

“ದೊಡ್ಡ ಮನೆತನ ಅಲ್ವಾ,” ಎಂದಳು ಹೂವಮ್ಮ.

“ನಾಳಿಂದ ನನ್ನ ಗದ್ದೆಗೆ ಕಾಲಿಟ್ಟರೆ ನೋಡಿ, ಸೂಳೆಮಕ್ಕಳಾ.”

“ಗದ್ದೆ ಆಚೆ ದಡದಾಗೈತೆ. ದೋಣಿ ಇಲ್ದೆ ನೀವೂ ಕಾಲಿಡಾಂಗಿಲ್ಲ. ಭತ್ತ ಬೇರೆ ಹಣ್ಣಾಗೈತೆ,” ಎಂದ ಕೆರಿಯಪ್ಪ.

ಒಡೆಯರು ಕೊಡೆ ಬಿಸಾಡಿ ತಾವೇ ಹಗ್ಗಕ್ಕೆ ಕೈಹಾಕಿ, ಅಪ್ಪನ ಹೆಸರು ಕೂಗಿ ಎಳೆದರು. ಜನಿವಾರ ಹಗ್ಗಕ್ಕೆ ಸಿಕ್ಕಿಕೊಂಡಿತು. ಹೂವಮ್ಮ ಬಿಡಿಸಿಕೊಡಲು ಹೋದಾಗ ಮುಟ್ಟಬೇಡವೆಂದು ಹೌಹಾರಿ ಕೆಸರಿನಲ್ಲಿ ಕುಳಿತುಬಿಟ್ಟರು.

“ಯಾವ ಹಾಳು ಹೆಸರಾದ್ರೂ ಕೂಗಿ ಸಾಯ್ರಿ.”

“ಈಗ ನೀವೇ ಕೂಗ್ಬೇಕು,” ಎಂದ ಕೆರಿಯಪ್ಪ.

ಒಡೆಯರು ಆಚೆ ದಡ ನೋಡಿದರು. “ಬೆಳ್ಳ.”

“ಪೂರಾ, ಒಡೇರೆ.”

“ಬೆಳ್ಳಪ್ಪ.”

“ಐಸಾ!”

ದೋಣಿ ನೀರಿಗಿಳಿಯಿತು. ಕೊಯ್ಲು ಮುಗಿದ ಮೇಲೆ ಒಡೆಯರು ಕೆರಿಯಪ್ಪನ ಗೇಣಿ ಗದ್ದೆ ಬಿಡಿಸಿಕೊಂಡರು.